ಅವ್ವನನ್ನು ಹುಡುಕಲು ಹೋಗಿ

ನೆಗಡಿಯಾದಾಗ ನಾನು ಮಾಡುವ ಕೆಲಸ ಒಂದೇ. ಅಗಲವಾದ ಪಾತ್ರೆಯಲ್ಲಿ ಕುದಿಯುವ ನೀರು ಸುರಿದು, ಅದಕ್ಕೆ ನೀಲಗಿರಿ ಎಣ್ಣೆಯ ನಾಲ್ಕು ಹನಿ ಬಿಟ್ಟು, ತಲೆಯ ಮೇಲೆ ದುಪ್ಪಟಿ ಹೊದ್ದು, ಪಾಪ ಮಾಡಿದವನಂತೆ ಅದರ ಮುಂದೆ ಬಗ್ಗಿ ಕೂರುವುದು. ಸಿಡ್ನಿ ಬಿಟ್ಟು ಮೆಲ್ಬರ್ನ್‌ಗೆ ಬಂದ ಮೇಲೆ ಪ್ರತಿ ಚಳಿಗಾಲದಲ್ಲೂ ಈ ಭಂಗಿಯಲ್ಲಿ ನಾನು ಕಳೆಯುವ ಹೊತ್ತನ್ನು ಧ್ಯಾನಕ್ಕೆ ಕೊಟ್ಟಿದ್ದರೆ, ಇಷ್ಟರಲ್ಲಿ ನನ್ನ ಹೆಸರಿನಲ್ಲಿ ಒಂದು ಸಣ್ಣ ಆಶ್ರಮವಾದರೂ ಇರುತ್ತಿತ್ತು. ಮೊನ್ನೆ ಹೀಗೆ ಕೂತಿದ್ದಾಗ ಮಗಳು ದುಪ್ಪಟಿಯ ಅಂಚು ಎತ್ತಿ ಒಳಗೆ ಇಣುಕಿದಳು. ಮೂಗು ಸೊಟ್ಟಗೆ ಮಾಡಿ, "ಅಪ್ಪಾ, ಯು ಸ್ಮೆಲ್ ಲೈಕ್ ಎ ಕೋಆಲಾ" ಎಂದು ತೀರ್ಪು ಕೊಟ್ಟು ಹೋದಳು.

ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಬಂದ ಜ್ಞಾನವಿದು. ಕೋಆಲಾ ನೀಲಗಿರಿ ಎಲೆ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ, ತಿಂದದ್ದು ಅರಗಿಸಿಕೊಳ್ಳಲು ದಿನವಿಡೀ ಮಲಗಿರುತ್ತದೆ. ಎರಡನೆಯ ಲಕ್ಷಣವನ್ನು ನೋಡಿದರೂ ಹೋಲಿಕೆ ಸರಿಯಾಗಿದೆ ಎಂದು ನನ್ನ ಹೆಂಡತಿ ಶೋಭಾ ಅಡುಗೆಮನೆಯಿಂದಲೇ ಸೇರಿಸಿದಳು. ದುಪ್ಪಟಿಯೊಳಗಿನ ಮನುಷ್ಯನ ಮಾತಿಗೆ ತೂಕವಿರುವುದಿಲ್ಲ.

ಈ ವಾಸನೆ ನನ್ನ ಮೂಗಿಗೆ ಅಂಟಿದ್ದು ಧಾರವಾಡದಲ್ಲಿ. ಅವ್ವ ಅಲ್ಲಿ ಖಾನಾವಳಿ ನಡೆಸುತ್ತಿದ್ದಳು. ಕಾಲೇಜಿನ ಹುಡುಗರು, ಒಂಟಿಯಾಗಿ ರೂಮು ಮಾಡಿಕೊಂಡಿದ್ದ ಗುಮಾಸ್ತರು, ವರ್ಗವಾಗಿ ಬಂದು ಇನ್ನೂ ಸಂಸಾರ ತರದ ಮಾಸ್ತರರು ಎಲ್ಲರೂ ನಮ್ಮಲ್ಲೇ ಉಣ್ಣುತ್ತಿದ್ದರು. ಉಣ್ಣುವಾಗ ಯಾರಾದರೂ ಕೆಮ್ಮಿದರೆ ಮುಗಿಯಿತು. ಅವ್ವ ಗೂಡಿನಿಂದ ನೀಲಗಿರಿ ಎಣ್ಣೆಯ ಶೀಶೆ ತೆಗೆದು, ಅವನು ಬೇಡ ಬೇಡ ಎಂದರೂ ಬಿಡದೆ ಎದೆಗೆ, ಬೆನ್ನಿಗೆ ಹಚ್ಚಿಯೇ ಕಳಿಸುತ್ತಿದ್ದಳು. ಕೆಲವರು ಖಾರ ನೆತ್ತಿಗೇರಿ ಕೆಮ್ಮಿದವರೂ ಇರಬಹುದು. ಅವರಿಗೂ ಬಿಡುಗಡೆ ಇರಲಿಲ್ಲ.

ಅವ್ವನ ಇನ್ನೊಂದು ಆಸ್ತಿ ಅವಳ ದನಿ. ಒಳಗೆ ಒಲೆಯ ಮುಂದೆ ಪಟಪಟ ರೊಟ್ಟಿ ಬಡಿಯುತ್ತಲೇ, ಹೊರಗಿನ ಕಟ್ಟೆಯ ಮೇಲೆ ಕೂತವನಿಗೆ "ಏ ತಮ್ಮಾ, ಪಲ್ಯಾ ಹಾಕ್ಲೇನು?" ಎಂದು ಕೇಳಬಲ್ಲಳು. ಸಂಜೆ ನಾನು ಎರಡು ಓಣಿ ಆಚೆ ಗೋಲಿ ಆಡುತ್ತಿದ್ದರೆ, ಅಡುಗೆಮನೆಯ ಕಿಟಕಿಯಿಂದ "ಲೇ ಗುಂಡ್ಯಾ!" ಎಂದು ಒಮ್ಮೆ ಕೂಗಿದರೆ ಸಾಕು. ನಾನಷ್ಟೇ ಅಲ್ಲ, ನಡುವಿನ ಓಣಿಯ ಹುಡುಗರೂ ತಮ್ಮ ತಮ್ಮ ಮನೆಗೆ ಓಡುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಗುಂಡಗಿದ್ದೆ. ಆಮೇಲೆ ತೆಳ್ಳಗಾದರೂ ಹೆಸರು ತೆಳ್ಳಗಾಗಲಿಲ್ಲ. ಆಸ್ಟ್ರೇಲಿಯಾಕ್ಕೆ ಬರುವಾಗ ನನಗಿದ್ದ ಒಂದು ಗುಪ್ತ ಸಂತೋಷವೆಂದರೆ ಇಲ್ಲಿ ಯಾರಿಗೂ ಆ ಹೆಸರು ಗೊತ್ತಿಲ್ಲ ಎಂಬುದು. ಪಾಸ್‌ಪೋರ್ಟಿನಲ್ಲಿ ನಾನು ಮಲ್ಲಿಕಾರ್ಜುನ. ಆಗ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ನನ್ನ ಆಫೀಸಿತ್ತು. ಅಲ್ಲಿಯವರು ಆ ಹೆಸರನ್ನು ಅರ್ಧ ದಿನ ಪ್ರಯತ್ನಿಸಿ ನೋಡಿ 'ಮ್ಯಾಲ್' ಎಂದು ಮಾಡಿ ಕೈಬಿಟ್ಟರು. ಅದೂ ನನಗೆ ಒಪ್ಪಿಗೆಯೇ.

ನಾವು ಆಗ ಪಶ್ಚಿಮ ಸಿಡ್ನಿಯ ಟೂಂಗಾಬಿಯಲ್ಲಿ, ರೈಲು ಹಳಿಯ ಪಕ್ಕದ ಒಂದು ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದೆವು. ಮಗಳು ಹುಟ್ಟುವ ಮೊದಲೇ ಅವ್ವ ಬಾಣಂತನಕ್ಕೆಂದು ಬಂದಳು. ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಅಂಟಿನುಂಡೆ ಹೆಚ್ಚಿದ್ದವು. ಕೂಸು ಮನೆಗೆ ಬಂದ ಮೇಲೆ ದಿನಾ ಎಣ್ಣೆ, ನೀರು, ಸಾಂಬ್ರಾಣಿ ಹೊಗೆ. ಮೊದಲ ದಿನ ಹೊಗೆ ಹಾಕಿದಾಗ ಛಾವಣಿಯ ಸ್ಮೋಕ್ ಅಲಾರ್ಮ್ ಬಡಿದುಕೊಳ್ಳಲು ಶುರುವಾಯಿತು. ಶೋಭಾ ಕೂಸಿನ ಕಿವಿ ಮುಚ್ಚಿದಳು, ನಾನು ಕುರ್ಚಿ ಹತ್ತಿ ಟವೆಲ್ ಬೀಸಿದೆ. ಅವ್ವ ತಲೆಯೆತ್ತಿ ಅದನ್ನು ನೋಡಿ, "ಇದಕ್ಕೂ ಕೆಮ್ಮು ಬಂತೇನು? ಒಂದೀಟು ಎಣ್ಣಿ ಹಚ್ಚಲೇನು?" ಎಂದಳು.

ಹೀಗೆ ವಾರಗಟ್ಟಲೆ ಅವಳು ಕೂಸು, ಬಾಣಂತಿ, ಒಲೆ, ಮತ್ತೆ ಕೂಸು ಎಂದು ತಿರುಗುತ್ತಲೇ ಇದ್ದಳು. ಒಂದು ದಿನ ಬೆಂಗಳೂರಿನವಳಾದ ಶೋಭಾ ತನ್ನ ಮೆತ್ತನೆಯ ಕನ್ನಡದಲ್ಲಿ ನನ್ನನ್ನು ಗದರಿದಳು. "ರೀ, ಅತ್ತೆನ ಒಂದಿನ ಎಲ್ಲಾದ್ರೂ ಕರ್ಕೊಂಡ್ ಹೋಗಿ. ಬಂದಾಗಿಂದ ಇಂಡಿಯನ್ ಶಾಪು, ಮೆಡಿಕಲ್ ಸೆಂಟರು ಬಿಟ್ರೆ ಏನೂ ನೋಡಿಲ್ಲ ಪಾಪ. ನಾನು, ಮಗು ಒಂದಿನ ಮ್ಯಾನೇಜ್ ಮಾಡ್ತೀವಿ."

ಎಲ್ಲಿಗೆ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಪಶ್ಚಿಮ ಸಿಡ್ನಿಯಲ್ಲಿರುವ ನಮ್ಮವರು ಊರಿನಿಂದ ಯಾರು ಬಂದರೂ ಮೊದಲು ಆಪೆರಾ ಹೌಸ್ ತೋರಿಸುತ್ತಾರೆ, ಆಮೇಲೆ ಬ್ಲೂ ಮೌಂಟನ್ಸ್. ಮೂರನೆಯ ಜಾಗ ಯಾರಿಗೂ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಅವ್ವ ಹಸಿರು ಇಳಕಲ್ ಸೀರೆ ಉಟ್ಟು, ಕಾಲಿಗೆ ಶೋಭಾಳ ಸ್ನೀಕರ್ಸ್ ಹಾಕಿ, ರೊಟ್ಟಿ ಚೀಲ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. ನಾನೂ ಚೆನ್ನಾಗಿ ಕಾಣಲೆಂದು ಆಫೀಸಿನ ತೊಗಲಿನ ಶೂ ಹಾಕಿದೆ. ಆ ಶೂಗಳ ಬಗ್ಗೆ ಮುಂದೆ ಅನೇಕರು ಅನೇಕ ಮಾತು ಆಡಲಿದ್ದರು.

ದಾರಿಯಲ್ಲಿ ನಾನು ಗೈಡಿನಂತೆ ವಿವರಿಸುತ್ತಾ ಹೋದೆ. ಈ ಬೆಟ್ಟದ ತುಂಬ ನೀಲಗಿರಿ ಮರಗಳೇ, ಅವುಗಳ ಎಣ್ಣೆಯ ಆವಿಯಿಂದ ಬೆಟ್ಟ ದೂರಕ್ಕೆ ನೀಲಿಯಾಗಿ ಕಾಣುತ್ತದೆ, ಅದಕ್ಕೇ ಈ ಹೆಸರು, ಎಂದೆ.

"ಅಂದ್ರ ನೀಲಗಿರಿ ಅಂತನ ಹೆಸರಿಟ್ಟಾರಲ್ಲೋ! ನಮ್ಮ ಊಟಿ ಗಿಡ ಇಲ್ಲಿ ತಂದು ಹಚ್ಯಾರೇನು?"

"ಇಲ್ಲಬೇ. ಇಲ್ಲಿ ಗಿಡಾನ ಅಲ್ಲಿಗೆ ಒಯ್ದಾರ."

"ಹುಚ್ಚ ಅದಿಯೇನು? ನೀಲಗಿರಿ ನಮ್ಮ ಕಡೆ ಐತಿ. ಹೆಸರ ಹೇಳ್ತೈತಲ್ಲ."

ನಾನು ವಾದ ಬಿಟ್ಟೆ. ಬೆಟ್ಟ ತಲುಪಿ, ಕಣಿವೆ ನೋಡಲೆಂದು ಕಟ್ಟಿದ ಕಟ್ಟೆಯ ಕಂಬಿ ಹಿಡಿದು ನಿಂತಾಗ ಅವಳೂ ಮಾತು ಬಿಟ್ಟಳು. ಕಾಲಬುಡದಲ್ಲೇ ಬಂಡೆ ಕಡಿದುಕೊಂಡು ಕೆಳಗೆ ಹೋಗಿತ್ತು. ಆ ಕಡಿದಾದ ಕಲ್ಲಿನ ಸಂದುಗಳಲ್ಲೂ ಮರಗಳು ಬೇರು ಊರಿಕೊಂಡು ನಿಂತಿದ್ದವು. ಕೆಳಗೆ ಕಣಿವೆಯ ತುಂಬ ಮರದ ತಲೆಗಳು, ಅದರಾಚೆ ಕೆಂಪು ಹಳದಿ ಬಂಡೆಯ ಗೋಡೆ, ಅದರಾಚೆ ಒಂದರ ಹಿಂದೆ ಒಂದು ಬೆಟ್ಟ, ತೊಳೆದು ತೊಳೆದು ಬಣ್ಣ ಬಿಟ್ಟ ನೀಲಿ ಸೀರೆಯ ಹಾಗೆ. ಅವ್ವ ಬಹಳ ಹೊತ್ತು ನೋಡಿದಳು.

"ಇಷ್ಟೆಲ್ಲಾ ಗಿಡದ್ದು ಎಣ್ಣಿ ಯಾರು ತಗೀತಾರಲೇ?"

"ಯಾರೂ ತಗಿಯೂದಿಲ್ಲವ್ವ. ಇದು ನ್ಯಾಷನಲ್ ಪಾರ್ಕ್. ಒಂದು ಎಲಿ ಸೈತ ಹರಿಯಂಗಿಲ್ಲ."

"ಹಂಗಾರ ಯಾರ ಸಲುವಾಗಿ ಕಾಯ್ತಾರ?"

"ಅದರ ಸಲುವಾಗೇ," ಎಂದೆ. ಅವ್ವ ಸ್ವಲ್ಪ ಯೋಚಿಸಿ, "ಛಲೋ ಮಾಡ್ಯಾರ" ಎಂದಳು.

ಬೆಂಚಿನ ಮೇಲೆ ಕೂತು ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಂಬ ನಮ್ಮ ಕಡೆಯ ಖಾರದ ಚಟ್ನಿಪುಡಿ ತಿಂದೆವು. ಪಕ್ಕದಲ್ಲೇ ಕೆಳಗಿಳಿಯುವ ಕಾಲುದಾರಿ ಇತ್ತು. ಕಡಿದಾಗಿದೆ, ಎಚ್ಚರಿಕೆ ಎಂದು ಬೋರ್ಡು ಹಾಕಿದ್ದರು. ಅವ್ವ ಕಿವಿಗೊಟ್ಟು ಕೇಳಿ, "ಕೆಳಗ ನೀರು ಬೀಳೂ ಸಪ್ಪಳ ಕೇಳಾಕತ್ತೈತಿ. ಹೋಗಿ ನೋಡೂಣು ಬಾ" ಎಂದಳು.

"ನಿನ್ನ ಮೊಣಕಾಲು?"

"ಇಳಿಯೂದಕ್ಕೇನು? ಕಾಲ ತಾನ ಇಳೀತಾವ."

"ಹತ್ತೂದಕ್ಕ?"

"ಆವಾಗ ನೋಡೂಣಂತ."

ನಾನು ಬೇಡವೆಂದೆ. ಅಷ್ಟರಲ್ಲಿ ನನಗೆ ಕಾರು ನಿಲ್ಲಿಸಿದ ಜಾಗದ ನೆನಪಾಯಿತು. ಅಲ್ಲಿ ಸ್ವಲ್ಪ ಹೊತ್ತು ಮಾತ್ರ ನಿಲ್ಲಿಸಬಹುದಿತ್ತು. "ಇಲ್ಲೇ ಕುಂಡ್ರು, ಕಾರ್ ಬ್ಯಾರೆ ಕಡೆ ಹಚ್ಚಿ ಬರ್ತೇನಿ" ಎಂದು ಹೋದೆ. ಭಾನುವಾರ ಅಲ್ಲವೇ, ಜಾಗ ಸಿಗುವಷ್ಟರಲ್ಲಿ ನಾನು ಮುಂದಿನ ಊರಿನವರೆಗೆ ಹೋದಂತಾಗಿತ್ತು. ಬೆವರುತ್ತಾ ನಡೆದು ವಾಪಸು ಬಂದರೆ ಬೆಂಚಿನ ಮೇಲೆ ಅವ್ವನೂ ಇಲ್ಲ, ಚೀಲವೂ ಇಲ್ಲ. ವಯಸ್ಸಾದ ದಂಪತಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

ಇಲ್ಲಿ ಸೀರೆ ಉಟ್ಟ ಒಬ್ಬ ಹೆಂಗಸು ಇದ್ದರಲ್ಲ, ನೋಡಿದಿರಾ ಎಂದು ಕೇಳಿದೆ. ಆ ಮುದುಕಿ ಮುಖ ಅರಳಿಸಿ, "ಓಹ್ ಯೆಸ್, ಲವ್ಲಿ ಗ್ರೀನ್ ಸಾರಿ" ಎಂದು ಕಾಲುದಾರಿಯ ಕಡೆ ಕೈ ತೋರಿಸಿದರು. ಈಗಷ್ಟೇ ಇಳಿದು ಹೋದರಂತೆ.

ಬೇಡವೆಂದರೂ ನೀರು ನೋಡಲು ಹೋಗಿದ್ದಾಳೆ. ಶೋಭಾಳ ಸ್ನೀಕರ್ಸ್, ತನ್ನ ಮೊಣಕಾಲು, ರೊಟ್ಟಿ ಚೀಲ ಎಲ್ಲ ಕಟ್ಟಿಕೊಂಡು! ಈ ಬೆಟ್ಟದಲ್ಲಿ ಸೀರೆ ಉಟ್ಟ ಹೆಂಗಸು ಅವ್ವ ಒಬ್ಬಳೇ ಇರಬೇಕೆಂದೇನೂ ಇಲ್ಲ. ಪ್ರತಿ ಭಾನುವಾರ ಅಲ್ಲಿ ನಮ್ಮ ಕಡೆಯ ಅತ್ತೆಯರದ್ದು, ಅಮ್ಮಂದಿರದ್ದು ಒಂದು ಸಣ್ಣ ಸಮ್ಮೇಳನವೇ ನಡೆದಿರುತ್ತದೆ. ಈ ವಿವೇಕ ಆಮೇಲೆ ಬಂತು. ಆಗ ನಾನು "ಅವ್ವಾ, ಅವ್ವಾ" ಎನ್ನುತ್ತಾ ಓಡಿದೆ.

ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಅಲ್ಲಲ್ಲಿ ಕಬ್ಬಿಣದ ಕಂಬಿ. ಒಂದು ಕಡೆ ಜಿನುಗುವ ಕಲ್ಲಿನ ಗೋಡೆ, ಇನ್ನೊಂದು ಕಡೆ ಬರೀ ಗಾಳಿ. ದಾರಿ ಎಷ್ಟೋ ಸಲ ಸುತ್ತಿ, ಒಂದು ಕಡೆ ಎರಡಾಗಿ ಕವಲೊಡೆಯಿತು. ಯಾವುದನ್ನು ಹಿಡಿಯಲಿ ಎಂದು ನಿಂತಿದ್ದಾಗ ಬಲಗಡೆ ಕೆಳಗೆ, ಮರಗಳ ನಡುವೆ ಹಸಿರು ಬಣ್ಣದ್ದು ಏನೋ ಅಲ್ಲಾಡಿತು. ಸೆರಗೇ ಅನ್ನಿಸಿತು. ಕಾಡಿನಲ್ಲಿ ಹಸಿರು ಬಣ್ಣ ಕಂಡು ಸೆರಗು ಎಂದುಕೊಂಡವನ ಬುದ್ಧಿಯ ಬಗ್ಗೆ ನೀವು ಏನು ಬೇಕಾದರೂ ಅನ್ನಬಹುದು. ನಾನು ದಾರಿ ಬಿಟ್ಟು ಇಳಿದೆ.

ಈ ಮರಗಳಿಗೊಂದು ಅಭ್ಯಾಸವಿದೆ. ವರ್ಷಕ್ಕೊಮ್ಮೆ ತೊಗಟೆಯನ್ನು ಉದ್ದುದ್ದ ಪಟ್ಟಿಯಾಗಿ ಸುಲಿದು ಕೆಳಗೆ ಚೆಲ್ಲುತ್ತವೆ. ಒಣಗಿದ ಆ ಪಟ್ಟಿಗಳ ಮೇಲೆ ತೊಗಲಿನ ಶೂ ಇಟ್ಟರೆ ಎಣ್ಣೆ ಸವರಿದ ಜಾರುಬಂಡೆಯೇ. ಮೂರನೆಯ ಹೆಜ್ಜೆಗೆ ನಾನು ಕೂತೆ, ಕೂತಲ್ಲಿಂದ ಜಾರಿದೆ. ಪೊದೆ ಹಿಡಿದೆ, ಅದು ಬೇರು ಸಮೇತ ಬಂತು. ಬಲಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿ ತಿರುಚಿಕೊಂಡು, ಕಣ್ಣಿಗೆ ಕತ್ತಲೆ ಬಂದು, ಕೊನೆಗೆ ಒಂದು ಮಂಚದಷ್ಟು ಅಗಲದ ಕಲ್ಲಿನ ಮೇಲೆ ಬಂದು ನಿಂತೆ. ನಿಂತೆ ಎನ್ನುವುದು ಮಾತಿಗೆ. ಬಿದ್ದಿದ್ದೆ. ಅದರ ಅಂಚಿನಿಂದ ಕೆಳಗೆ ನೋಡಿ, ಮತ್ತೆ ನೋಡಬಾರದೆಂದು ತೀರ್ಮಾನಿಸಿದೆ. ಸೆರಗು ಎಂದುಕೊಂಡಿದ್ದು ಪಕ್ಕದಲ್ಲೇ ಇತ್ತು. ಮನುಷ್ಯನಷ್ಟು ಎತ್ತರದ ಜರಿಗಿಡ.

ಮೇಲಕ್ಕೆ ತೆವಳಲು ನೋಡಿದೆ, ಕಾಲು ಊರಲು ಬರಲಿಲ್ಲ. ಮೊಬೈಲ್ ತೆಗೆದರೆ ಸಿಗ್ನಲ್ಲಿನ ಒಂದು ಗೀಟೂ ಇಲ್ಲ. "ಅವ್ವಾ!" ಎಂದು ಕೂಗಿದೆ. ಅವ್ವನ ದನಿಯಲ್ಲಿ ನನಗೆ ಪಾಲು ಬಂದಿಲ್ಲ. ಎಲ್ಲೋ ಒಂದು ಹಕ್ಕಿ ಚಾಟಿ ಬೀಸಿದ ಹಾಗೆ ಚಟೀರೆಂದು ಕೂಗಿ ಸುಮ್ಮನಾಯಿತು. ಪಕ್ಕದಲ್ಲಿ ಹಿಂದೆ ಯಾವಾಗಲೋ ಬೆಂಕಿಗೆ ಸುಟ್ಟು ಕಪ್ಪಾದ ಒಂದು ಮರ ನಿಂತಿತ್ತು. ಅದರ ಕಪ್ಪು ಮೈಯಿಂದಲೇ ಎಳೆಯ ಕೆಂಪು ಚಿಗುರು ಒಡೆದಿತ್ತು. ಬೇರೆ ದಿನವಾಗಿದ್ದರೆ ಫೋಟೊ ತೆಗೆಯುತ್ತಿದ್ದೆ.

ಹೊತ್ತು ಸರಿಯುತ್ತಾ ಹೋದ ಹಾಗೆ ನನ್ನ ಕಾಲಿನ ನೋವು ಮರೆತೇ ಹೋಯಿತು. ಅವ್ವ ಎಲ್ಲಿ ಬಿದ್ದಿರಬಹುದು ಎಂಬುದೊಂದೇ ತಲೆಯಲ್ಲಿ. ನಾನು ಗಂಡಸು, ಇಲ್ಲಿಯ ಭಾಷೆ ಬಲ್ಲವನು, ನನಗೇ ಹೀಗಾಗಿದೆ. ಅವಳಿಗೆ ಯೆಸ್ಸು, ನೋ, ಥ್ಯಾಂಕ್ಯೂ ಬಿಟ್ಟರೆ ಇಂಗ್ಲಿಷ್ ಬಾರದು. ಯಾರನ್ನು ಕೇಳಿಯಾಳು? ಹೀಗೇ ಯಾವುದೋ ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡು ನನ್ನನ್ನು ಕೂಗುತ್ತಿದ್ದರೆ? ಕೂಗಿದ್ದರೆ ನನಗೆ ಕೇಳದೆ ಇರುತ್ತಿರಲಿಲ್ಲ. ಕೇಳುತ್ತಿಲ್ಲ ಎಂದರೆ ಅವಳು ಕೂಗುವ ಸ್ಥಿತಿಯಲ್ಲಿಲ್ಲ. ಧಾರವಾಡದಲ್ಲಿರುವ ತಂಗಿಗೆ ಏನು ಹೇಳಲಿ? ಸೊಸೆಯ ಬಾಣಂತನಕ್ಕೆ ಬಂದವಳನ್ನು ಒಂದು ದಿನ ತಿರುಗಾಡಿಸಲು ಕರೆದುಕೊಂಡು ಹೋದೆ, ಅಷ್ಟೇ, ಎನ್ನಲೇ? ಮನೆದೇವರಿಗೆ ಏನೇನೋ ಹರಕೆ ಹೊತ್ತೆ. ಎದುರಿನ ಬಂಡೆಯ ಗೋಡೆಯ ಮೇಲೆ ಬಿಸಿಲು ಒಂದೊಂದೇ ಗೇಣು ಮೇಲೇರುತ್ತಿತ್ತು. ಅತ್ತುಬಿಟ್ಟೆ ಎನ್ನಲು ನಾಚಿಕೆಯೇನಿಲ್ಲ. ಕಲ್ಲಿಗೆ ಹಣೆಯಿಟ್ಟು ಅತ್ತೆ.

ಆಗ ಕೇಳಿಸಿತು.

"ಲೇ ಗುಂಡ್ಯಾ...!"

ಮೇಲಿನಿಂದ, ಆಕಾಶದಿಂದ ಬಂದಂತೆ. ಎದುರಿನ ಗೋಡೆಗೆ ಬಡಿದು ಇನ್ನೊಮ್ಮೆ ಬಂತು. ಇಡೀ ಕಣಿವೆಯೇ ನನ್ನನ್ನು ಗುಂಡ್ಯಾ ಎನ್ನುತ್ತಿತ್ತು.

"ಲೇ ಗುಂಡ್ಯಾ...! ಎಲ್ಲದೀಯೋ...!"

"ಅವ್ವಾ!" ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ. "ನೀ ಎಲ್ಲದೀ?"

"ಮ್ಯಾಲ ಅದೇನಲೇ! ನಾ ಎಲ್ಲಿ ಹೊಕ್ಕೇನಿ? ನೀ ಯಾಕ ಕೆಳಗ ಹೋದಿ?"

"ನಿನ್ನ ಹುಡುಕಾಕ!"

ಆಮೇಲೆ ಕಣಿವೆ ತುಂಬ ಆ ಪ್ರಶ್ನೆ ಇಳಿದು ಬಂತು. "ನಾ ಎಲ್ಲಿ ಕಳದಿದ್ದೆ?"

ನನಗೆ ನಗು ಬಂತು. ನಗುತ್ತಾ ಮತ್ತೆ ಅಳು ಬಂತು. ಅವ್ವ ಬದುಕಿದ್ದಾಳೆ, ಮೇಲಿದ್ದಾಳೆ, ಬೈಯುತ್ತಿದ್ದಾಳೆ! ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಆ ಕ್ಷಣ ನಾನು ಎಲ್ಲಿದ್ದೇನೆ, ಇಲ್ಲಿಂದ ಮೇಲೇರುವುದು ಹೇಗೆ ಎಂಬ ಯಾವ ಚಿಂತೆಯೂ ಉಳಿಯಲಿಲ್ಲ. ಅದು ಇನ್ನು ಅವ್ವನ ಚಿಂತೆ.

"ಎದ್ದು ಬಾ!"

"ಕಾಲು ಉಳಕೈತಿ!"

"ಮುರದೈತೇನು?"

"ಗೊತ್ತಿಲ್ಲ!"

"ಬೆರಳು ಅಲ್ಲಾಡಸು!"

ಶೂ ಬಿಚ್ಚಿ ಅಲ್ಲಾಡಿಸಿದೆ. "ಅಲ್ಲಾಡತಾವ!"

"ಹಂಗಾರ ಮುರದಿಲ್ಲ! ಎಲ್ಲದೀ ಅಂತ ಸರಿಯಾಗಿ ಹೇಳು!"

"ಎರಡು ದೊಡ್ಡ ಬಂಡಿ ನಡುವ ಅದೇನಿ! ಮಗ್ಗಲಕ ಸುಟ್ಟ ಗಿಡ ಐತಿ!"

ಆಮೇಲೆ ಬಹಳ ಹೊತ್ತು ಮೇಲಿನಿಂದ ಏನೂ ಕೇಳಲಿಲ್ಲ. ಅಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಸುಲೋಚನಾ ಆಂಟಿ ಹೇಳಿದಾಗ. ಅವರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಉಡುಪಿಯ ಕಡೆಯವರು, ಮನೆಮಾತು ತುಳು, ಬ್ಲ್ಯಾಕ್‌ಟೌನ್‌ನಲ್ಲಿ ಮನೆ. ಅವತ್ತು ಗಂಡನ ಜೊತೆ, ಊರಿನಿಂದ ಬಂದಿದ್ದ ಅತ್ತೆಯನ್ನು ಕರೆದುಕೊಂಡು ಬಂದಿದ್ದರು. ಹಸಿರು ಸೀರೆ ಉಟ್ಟು ಕಾಲುದಾರಿ ಇಳಿದದ್ದು ಆ ಅತ್ತೆ.

ನನ್ನ ಅವ್ವ ಹೋಗಿದ್ದು ಹಿಂದಿನ ಟಾಯ್ಲೆಟ್ಟಿಗೆ. ಅಲ್ಲಿ ಒಂದು ಟೂರಿಸ್ಟ್ ಬಸ್ಸಿನ ಹೆಂಗಸರೆಲ್ಲ ಸಾಲು ನಿಂತಿದ್ದರಂತೆ. ವಾಪಸು ಬಂದರೆ ಬೆಂಚಿನ ಮೇಲೆ ಬೇರೆಯವರು ಕೂತಿದ್ದರು, ಬಿಸಿಲೂ ಇತ್ತು, ಆಚೆ ನೆರಳಿನಲ್ಲಿ ಕೂತು ಮಗನಿಗಾಗಿ ಕಾದಳು. ಕಾದು ಕಾದು, ಕಾಫಿ ಮಾರುವ ಹುಡುಗಿಯ ಹತ್ತಿರ ಹೋಗಿ "ಮೈ ಸನ್. ನೋ" ಎಂದಳು. ಆ ಹುಡುಗಿ ಪಾಪ, ಒಂದು ಲೋಟ ನೀರು ಕೊಟ್ಟು ಕೂರಿಸಿದಳು. ಅಷ್ಟರಲ್ಲಿ ಸುಲೋಚನಾ ಆಂಟಿಯ ಮನೆಯವರು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದರು. ಅವ್ವ ಹಸಿರು ಸೀರೆ ಕಂಡದ್ದೇ ಎದ್ದು ಹೋಗಿ, "ಕನ್ನಡದವರೇನ್ರೀ?" ಎಂದಳು.

"ಹೌದು, ಹೌದು. ಎಂತಾಯ್ತು ಅಮ್ಮಾ?"

ಅವ್ವ ಹೇಳಿದ್ದನ್ನು ಕೇಳಿ ಸುಲೋಚನಾ ಆಂಟಿ ತಲೆಗೆ ಕೈಹೊತ್ತುಕೊಂಡರಂತೆ. ನನಗೆ ಆಮೇಲೆ ಹೇಳಿದ್ದು ಹೀಗೆ: "ನಾವು ಕೆಳಗೆ ಇರುವಾಗ 'ಅವ್ವಾ ಅವ್ವಾ' ಅಂತ ಕೇಳಿತ್ತು ಮಾರಾಯ್ರೆ. ನಾವು ಹಕ್ಕಿ ಅಂತ ಗ್ರಹಿಸಿದ್ದು. ಇಲ್ಲಿ ಹಕ್ಕಿಗಳು ಎಂತೆಂತದೋ ಕೂಗ್ತವಲ್ಲ! ನಮ್ಮ ಅತ್ತೆ ಅಂತೂ, ಹಕ್ಕಿ ಎಷ್ಟು ಬೇಜಾರಲ್ಲಿ ಕೂಗ್ತದೆ ನೋಡು ಅಂತ ಹೇಳಿದ್ರು."

ಅವರೇ ತುರ್ತು ಸೇವೆಗೆ ಫೋನು ಮಾಡಿಸಿದರು. ಕಿತ್ತಳೆ ಬಣ್ಣದ ಉಡುಪಿನ ಸ್ವಯಂಸೇವಕರು ಹಗ್ಗ, ವಾಕಿಟಾಕಿ ಹಿಡಿದು ಬಂದರು. ಕಳೆದುಹೋದವನ ಹೆಸರೇನು ಎಂದು ಅವರು ಕೇಳಿದ್ದನ್ನು ಆಂಟಿ ಕನ್ನಡಕ್ಕೆ ತಿರುಗಿಸಿದರು. ಪಾಸ್‌ಪೋರ್ಟಿನ ಹೆಸರು ಅವ್ವನಿಗೆ ಆ ಹೊತ್ತಿನಲ್ಲಿ ಏಕೆ ನೆನಪಾದೀತು? "ಗುಂಡ್ಯಾ" ಎಂದಳು. ಅವರು ಅದನ್ನೇ ಬರೆದುಕೊಂಡು ಇಳಿದರು. ತಾನೂ ಇಳಿಯುತ್ತೇನೆ ಎಂದು ಹೊರಟ ಅವ್ವನನ್ನು ತಡೆದು ನಿಲ್ಲಿಸಿದ್ದಕ್ಕೆ, ಕಂಬಿ ಹಿಡಿದು ಕೂಗಲು ಶುರುಮಾಡಿದ್ದು.

ನಾನು ಕೊಟ್ಟ ವಿಳಾಸವನ್ನು ಅವ್ವ ಆಂಟಿಗೆ ದಾಟಿಸಿದಳು. ಆಂಟಿ ವಾಕಿಟಾಕಿ ಹಿಡಿದವನಿಗೆ, "ಎರಡು ದೊಡ್ಡ ಗಾಡಿಗಳ ಮಧ್ಯೆ ಇದ್ದಾನಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವನು ಹುಬ್ಬೇರಿಸಿ, "ಗಾಡಿಗಳೇ?" ಎಂದ.

"ಅಮ್ಮಾ, ಬಂಡಿ ಅಂದ್ರೆ ಗಾಡಿ ಅಲ್ವಾ? ಆ ಕಾಡಲ್ಲಿ ಗಾಡಿ ಎಲ್ಲಿಂದ ಬರ್ಲಿಕ್ಕುಂಟು?"

"ಗಾಡಿ ಅಲ್ಲ ನಮ್ಮವ್ವಾ, ಬಂಡಿ! ಬಂಡಿ!" ಎಂದು ಅವ್ವ ಕಾಲ ಕೆಳಗಿನ ಬಂಡೆಯನ್ನು ಒದ್ದು ತೋರಿಸಿದಳು. "ಕಲ್ಲು!"

"ಓ, ಬಂಡೆ!" ಎಂದರು ಆಂಟಿ. ಧಾರವಾಡಕ್ಕೂ ಉಡುಪಿಗೂ ನಡುವಿನ ಒಂದು ಸ್ವರ ಸರಿಯಾಗುವಷ್ಟರಲ್ಲಿ, ಕೆಳಗೆ ಹುಡುಕುತ್ತಿದ್ದವರು ಕಾಡಿನಲ್ಲಿ ಬಿಟ್ಟುಹೋದ ಯಾವುದಾದರೂ ವಾಹನ ಇದೆಯೇ ಎಂದು ನೋಡಲು ಶುರುಮಾಡಿದ್ದರಂತೆ.

ಇದೊಂದೂ ಗೊತ್ತಿಲ್ಲದೆ ನಾನು ಕಲ್ಲಿನ ಮೇಲೆ ಕೂತಿದ್ದಾಗ ಪೊದೆಗಳ ಹಿಂದಿನಿಂದ ಹೊಸ ದನಿಗಳು ಕೇಳಿದವು. "ಗಂಡೀಯಾ! ಗಂಡೀಯಾ!" ಬಿಳಿಗಡ್ಡದ ಒಬ್ಬ ದೈತ್ಯ ಮನುಷ್ಯ ಹಗ್ಗ ಹಿಡಿದು ಇಳಿದು ಬಂದು, ನನ್ನ ಮುಂದೆ ಮಂಡಿಯೂರಿ, ಅತ್ಯಂತ ಗೌರವದಿಂದ ಕೇಳಿದರು. "ಆರ್ ಯು ಗಂಡೀಯಾ?"

"ಯೆಸ್," ಎಂದೆ. "ಐ ಆ್ಯಮ್ ಗುಂಡ್ಯಾ." ಅಷ್ಟು ಸಂತೋಷದಿಂದ ಆ ಹೆಸರನ್ನು ನಾನು ಎಂದೂ ಒಪ್ಪಿಕೊಂಡಿರಲಿಲ್ಲ.

ಅವರು ಕಾಲು ಕಟ್ಟಿದರು, ನೀರು ಕುಡಿಸಿದರು, ಶೂ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಜೊತೆಗಿದ್ದ ಹೆಂಗಸು ಆ ಶೂ ನೋಡಿ ಏನೋ ಹೇಳಲು ಹೋಗಿ ನನ್ನ ಮುಖ ಕಂಡು ಮಾತು ನುಂಗಿದಳು. ಎರಡೂ ಕಡೆ ಹೆಗಲು ಕೊಟ್ಟು, ಕೆಲವು ಕಡೆ ಹಗ್ಗದಿಂದ ಎಳೆದು, ಮೆಟ್ಟಿಲು ಹತ್ತಿಸಿದರು. ಹತ್ತುವಾಗ ಗೊತ್ತಾಯಿತು, ದಾರಿ ಸುತ್ತಿ ಸುತ್ತಿ ಬಂದಿದ್ದರಿಂದ ನಾನು ಎಷ್ಟೋ ದೂರ ಹೋಗಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ನೋಡುವ ಕಟ್ಟೆಯ ನೇರ ಕೆಳಗೇ ಬಿದ್ದಿದ್ದೆ. ಮೇಲಿನಿಂದ ಯಾರಾದರೂ ರೊಟ್ಟಿ ಎಸೆದಿದ್ದರೆ ನನ್ನ ತಲೆಯ ಮೇಲೇ ಬೀಳುತ್ತಿತ್ತು.

ಕೊನೆಯ ಮೆಟ್ಟಿಲಿನ ಹತ್ತಿರ ಅವ್ವ ನಿಂತಿದ್ದಳು. ಅಪ್ಪಿಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆಮೇಲೆ ಬಗ್ಗಿ, ಕಟ್ಟಿದ ಬಟ್ಟೆಯ ಮೇಲಿನಿಂದಲೇ ಕಾಲು ಒತ್ತಿ ನೋಡಿ, "ಬಾವು ಬಂದೈತಿ, ಮುರದಿಲ್ಲ" ಎಂದು ವೈದ್ಯರಿಗಿಂತ ಮೊದಲೇ ಹೇಳಿದಳು. ಹಾಗೇ ಆಗಿತ್ತು ಕೂಡ. ನನ್ನ ಕಡೆ ಮತ್ತೆ ತಿರುಗದೆ, ಚೀಲ ಬಿಚ್ಚಿ, ಕಿತ್ತಳೆ ಬಣ್ಣದವರಿಗೆಲ್ಲ ಉಳಿದ ರೊಟ್ಟಿ ಹಂಚಿದಳು. ಬಿಳಿಗಡ್ಡದವರು ಶೇಂಗಾ ಹಿಂಡಿಯನ್ನು ಚಮಚೆಗಟ್ಟಲೆ ಬಾಯಿಗೆ ಹಾಕಿಕೊಂಡು ಕೆಮ್ಮತೊಡಗಿದರು. ಅವ್ವನ ಹತ್ತಿರ ಆಗ ಶೀಶೆ ಇಲ್ಲದ್ದು ಅವರ ಪುಣ್ಯ.

ನನ್ನ ಕಾರನ್ನು ಸುಲೋಚನಾ ಆಂಟಿಯೇ ಓಡಿಸಿದರು. ಅವರ ಗಂಡ ಅತ್ತೆಯನ್ನು ಕೂರಿಸಿಕೊಂಡು ಹಿಂದಿನಿಂದ ಬರುತ್ತಿದ್ದರು. ನಾನು, ಅವ್ವ ಹಿಂದಿನ ಸೀಟಿನಲ್ಲಿ, ನನ್ನ ಕಾಲು ಅವಳ ತೊಡೆಯ ಮೇಲೆ. ಆಂಟಿ ಹಕ್ಕಿಯ ಕತೆ, ಗಾಡಿಯ ಕತೆ ಹೇಳಿ ತಾವೂ ನಕ್ಕು ನನ್ನನ್ನೂ ನಗಿಸಿದರು. ನಗು ಮುಗಿದ ಮೇಲೆ ನಾನು ಕೇಳಿದೆ.

"ಅವ್ವಾ, ನಿನಗ ಹೆದ್ರಿಕಿ ಆಗಲಿಲ್ಲೇನು?"

"ಹೆದ್ರಾಕ ಪುರಸೊತ್ತರ ಎಲ್ಲಿತ್ತಲೇ?"

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಬೆಟ್ಟ ಇಳಿದು ಬಯಲಿಗೆ ಬಂದೆವು. ಒಂದು ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ನನ್ನ ಕಾಲು ಅಲ್ಲಾಡುತ್ತಿದೆ ಅನ್ನಿಸಿತು. ಅಲ್ಲಾಡುತ್ತಿದ್ದುದು ಅವಳ ತೊಡೆ. ನೋಡಿದರೆ ಅವ್ವ ಇಡೀ ಮೈ ನಡುಗುತ್ತಾ ಕೂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಕನ್ನಡಿಯಲ್ಲಿ ಕಂಡ ಆಂಟಿ ಕಾರನ್ನು ಮೆಲ್ಲಗೆ ಓಡಿಸಿದರು. ನಾನು ಕೈ ಚಾಚಿದೆ. ಅವಳು ಕೈ ಹಿಡಿಯಲಿಲ್ಲ, ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಸಂತೆಯಲ್ಲಿ ಮಕ್ಕಳು ದೊಡ್ಡವರ ಬಟ್ಟೆ ಹಿಡಿಯುವ ಹಾಗೆ. ಟೂಂಗಾಬಿ ಬರುವವರೆಗೂ ಬಿಡಲಿಲ್ಲ.

ಶೋಭಾ ಬಾಗಿಲು ತೆಗೆದು ನನ್ನ ಕಾಲು, ಹರಿದ ಪ್ಯಾಂಟು, ಹಿಂದೆ ನಿಂತ ಅಪರಿಚಿತರನ್ನು ನೋಡಿ, "ಅಯ್ಯೋ, ಏನಾಯ್ತು?" ಎಂದಳು. ಅವ್ವ ಆಗಲೇ ಮುಖ ಒರೆಸಿಕೊಂಡು ಮೊದಲಿನಂತಾಗಿದ್ದಳು.

"ಏನಿಲ್ಲಬೇ. ಗುಡ್ಡ ನೋಡಿ ಬಂದ್ವಿ. ಕೂಸು ಹಾಲು ಕುಡೀತೇನು?"

ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಮನೆಯಲ್ಲಿ ಸದ್ದೇ ಇಲ್ಲ. ಪಾತ್ರೆಯ ಸದ್ದಿಲ್ಲ, ಒಗ್ಗರಣೆಯ ವಾಸನೆಯಿಲ್ಲ. ಖಾನಾವಳಿ ನಡೆಸಿದ ಹೆಂಗಸು, ಕೋಳಿಗಿಂತ ಮೊದಲು ಏಳುವುದು ಅವಳ ಹುಟ್ಟುಗುಣ. ನಾನು ಗೋಡೆ ಹಿಡಿದು ಕುಂಟುತ್ತಾ ಅವಳ ಕೋಣೆಗೆ ಹೋದೆ. ಶೋಭಾ ಬಾಗಿಲಲ್ಲೇ ನಿಂತಿದ್ದಳು, ತುಟಿಯ ಮೇಲೆ ಬೆರಳಿಟ್ಟು. ಒಳಗೆ ಅವ್ವ ಬಾಯಿ ತೆರೆದು ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಪಕ್ಕದಲ್ಲಿ ಕೂಸೂ ಹಾಗೇ ಬಾಯಿ ತೆರೆದು ಮಲಗಿತ್ತು.

ಆ ದಿನಗಳಲ್ಲಿ ನಮ್ಮಿಬ್ಬರಿಗೂ ಹೊಸ ತಂದೆತಾಯಿಗಳ ಒಂದು ಹುಚ್ಚಿತ್ತು. ಕೂಸು ಮಲಗಿದ್ದಾಗ ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡುವುದು. ನಾನು ಒಳಗೆ ಹೋಗಿ ಮಂಚದ ಮೇಲೆ ಬಗ್ಗಿದೆ. ಕೂಸಿನ ಹೊಟ್ಟೆ ಸಣ್ಣಗೆ ಏರಿ ಇಳಿಯುತ್ತಿತ್ತು. ನೋಡಿಯಾಯಿತು, ಇನ್ನು ಹೊರಗೆ ಹೋಗಬಹುದಿತ್ತು. ಆದರೆ ಹೋಗಲಿಲ್ಲ. ಒಂಟಿ ಕಾಲಿನ ಮೇಲೆ ನಿಂತು, ಬಹಳ ಹೊತ್ತು, ಅವ್ವನ ಉಸಿರು ಏರುವುದನ್ನೂ ಇಳಿಯುವುದನ್ನೂ ನೋಡಿದೆ. ಆಮೇಲೆ ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಬಂದು, ಚಹಾಕ್ಕೆ ನೀರಿಟ್ಟೆ.